ಹಳೆಯ ಗಣಕಯಂತ್ರದ ಪಟ್ಟಿಯಲ್ಲಿ ಕಾಣೆಯಾದ ಕನ್ನಡ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಪಟ್ಟಾದಾರು ಪಾಸುಪುಸ್ತಕ, ವಾರಸಾ ಹಕ್ಕು, ಜನನ ಪ್ರಮಾಣಪತ್ರದಲ್ಲಿ ತಪ್ಪಾಗಿ ನಮೂದಾದ ಹೆಸರಿನ ತಿದ್ದುಪಡಿ ಮೊದಲಾದವುಗಳಿಗೆ ಸಂಬಂಧಿಸಿದವು. ಇತ್ತೀಚೆಗೆ ಅವುಗಳ ನಡುವೆ ಬೇರೊಂದು ಬಗೆಯ ಪ್ರಶ್ನೆಯೂ ಸೇರತೊಡಗಿದೆ. ಮಕ್ಕಳ ಓದಿಗೆಂದು ಯಾರದೋ ಬಳಸಿಬಿಟ್ಟ ಗಣಕಯಂತ್ರವೊಂದನ್ನು ಕಡಿಮೆ ಬೆಲೆಗೆ ತಂದಿದ್ದೇವೆ. ಅದರಲ್ಲಿ ಇಂಗ್ಲಿಷ್ ಇದೆ, ತೆಲುಗೂ ಇದೆ, ಕನ್ನಡ ಮಾತ್ರ ಇಲ್ಲ. ಅಂಗಡಿಯಲ್ಲಿ ಕೇಳಿದರೆ ‘ಇದು ಹಳೆಯ ಯಂತ್ರ, ಇದಕ್ಕೆ ಕನ್ನಡ ಬರುವುದಿಲ್ಲ’ ಎನ್ನುತ್ತಾರೆ. ಇದು ನಿಜವೇ ಎಂಬುದು ಆ ಪ್ರಶ್ನೆಯ ಸಾರ.

ನಿಜವಲ್ಲ. ತೆಲುಗು ಬರುವ ಯಂತ್ರದಲ್ಲಿ ಕನ್ನಡ ಬಾರದಿರುವುದಕ್ಕೆ ಯಂತ್ರದ ಕಡೆಯಿಂದ ಯಾವ ಕಾರಣವೂ ಇಲ್ಲ. ಈ ಮಾತನ್ನು ಆಧಾರವಿಲ್ಲದೆ ಹೇಳಿದರೆ ನಮ್ಮ ವೃತ್ತಿಗೆ ಶೋಭಿಸದು. ಆದುದರಿಂದ ಆಧಾರವನ್ನು ಮೊದಲು ಮುಂದಿಡುತ್ತೇನೆ.

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 2000 ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಹಿಂದಿ, ತಮಿಳು ಮುಂತಾದ ಕೆಲವೇ ಭಾರತೀಯ ಭಾಷೆಗಳಿಗೆ ಎಡೆ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೂ ತೆಲುಗಿಗೂ ಒಂದೇ ಸಲ ಬಾಗಿಲು ತೆರೆಯಿತು. ಕನ್ನಡಕ್ಕೆ ‘ತುಂಗಾ’ ಎಂಬ ಅಕ್ಷರಶೈಲಿ, ತೆಲುಗಿಗೆ ‘ಗೌತಮಿ’ ಎಂಬ ಅಕ್ಷರಶೈಲಿ. ಎರಡೂ ನದಿಗಳ ಹೆಸರುಗಳೇ. ಮಲಯಾಳ ಮತ್ತು ಬಂಗಾಳಿ ಭಾಷೆಗಳು ಅದೇ ಎಕ್ಸ್‌ಪಿಯೊಳಗೆ ಬರಲು ಎರಡನೆಯ ಪರಿಷ್ಕರಣದವರೆಗೆ ಕಾಯಬೇಕಾಯಿತು. ಎಂದರೆ ಇಂದು ಆದೋನಿಯ ಮನೆಗಳಲ್ಲಿ ಕಾಣುವ ಅತ್ಯಂತ ಹಳೆಯ ಯಂತ್ರವೂ ಹುಟ್ಟುವಾಗಲೇ ಕನ್ನಡವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿದೆ. ಹೊಟ್ಟೆಯಲ್ಲಿರುವುದು ಬಾಯಿಗೆ ಬಂದಿಲ್ಲ, ಅಷ್ಟೇ.

ಮತದಾರರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವನು ಊರಿನಲ್ಲಿ ಇಲ್ಲವೆಂದು ಅರ್ಥವಲ್ಲ. ಅವನ ಮನೆ ಇದೆ, ಹೊಲ ಇದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಪಟ್ಟಿಯಲ್ಲಿ ಮಾತ್ರ ಅವನಿಲ್ಲ. ಅರ್ಜಿ ಕೊಟ್ಟರೆ ಸೇರಿಸುತ್ತಾರೆ. ಗಣಕಯಂತ್ರದ ಭಾಷೆಗಳ ಪಟ್ಟಿಯ ಕಥೆಯೂ ಇಂಥದೇ. ಯಂತ್ರವನ್ನು ಸಿದ್ಧಪಡಿಸಿದವನು ತನಗೆ ಬೇಕಾದ ಇಂಗ್ಲಿಷನ್ನು ಇಟ್ಟುಕೊಂಡ. ಆಂಧ್ರದ ಕಚೇರಿಗೋ ಶಾಲೆಗೋ ಹೋಗುವ ಯಂತ್ರವಾದರೆ ತೆಲುಗನ್ನೂ ಸೇರಿಸಿದ. ಕನ್ನಡವನ್ನು ಸೇರಿಸಲು ಯಾರೂ ಹೇಳಲಿಲ್ಲ, ಅವನು ಸೇರಿಸಲಿಲ್ಲ.

ಇಲ್ಲೊಂದು ಪರೀಕ್ಷೆಯನ್ನು ಮೊದಲು ಮಾಡಿಕೊಳ್ಳಬೇಕು. ನಮ್ಮ ಕಡೆಯ ಡಿ.ಟಿ.ಪಿ. ಅಂಗಡಿಗಳಲ್ಲಿ ತೆಲುಗಿಗೆ ‘ಅನು’ ಎಂಬ ತಂತ್ರಾಂಶ ಬಹುಕಾಲದಿಂದ ರೂಢಿಯಲ್ಲಿದೆ. ಅದು ಇಂಗ್ಲಿಷ್ ಅಕ್ಷರಗಳ ಮೇಲೆ ತೆಲುಗಿನ ವೇಷ ತೊಡಿಸುವ ಏರ್ಪಾಡು. ಯಂತ್ರಕ್ಕೆ ಅದು ತೆಲುಗೆಂದು ತಿಳಿದಿರುವುದಿಲ್ಲ. ತಮ್ಮ ಯಂತ್ರದಲ್ಲಿ ಕಾಣುವ ತೆಲುಗು ಯಾವ ಬಗೆಯದೆಂದು ತಿಳಿಯಲು ನಾಲ್ಕು ಪದಗಳನ್ನು ಆಯ್ದುಕೊಂಡು ಅಕ್ಷರಶೈಲಿಯನ್ನು ‘ಏರಿಯಲ್’ ಎಂದು ಬದಲಿಸಿ ನೋಡಿರಿ. ಅಕ್ಷರಗಳು ತೆಲುಗಾಗಿಯೇ ಉಳಿದರೆ ಅದು ಯೂನಿಕೋಡ್ ತೆಲುಗು. ಕನ್ನಡಕ್ಕೆ ಬೇಕಾದ ಬುನಾದಿ ಆಗಲೇ ಬಿದ್ದಿದೆ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಗೊಜ್ಜು ಕಂಡರೆ ಅದು ವೇಷದ ತೆಲುಗು. ಬುನಾದಿಯನ್ನು ನಾವೇ ಹಾಕಬೇಕಾಗಬಹುದು.

ಎಕ್ಸ್‌ಪಿ ಇರುವ ಯಂತ್ರದಲ್ಲಿ ಪರದೆಯ ತಳದಲ್ಲಿ ಅಡ್ಡಲಾಗಿರುವ ಪಟ್ಟಿಯ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ‘ಟೂಲ್‌ಬಾರ್ಸ್’ ಎಂಬಲ್ಲಿ ‘ಲ್ಯಾಂಗ್ವೇಜ್ ಬಾರ್’ ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಬಹುತೇಕ ಅದು ಅಲ್ಲಿರುವುದಿಲ್ಲ, ಏಕೆಂದರೆ ಒಂದೇ ಭಾಷೆ ಇರುವ ಯಂತ್ರಕ್ಕೆ ಭಾಷೆ ಬದಲಿಸುವ ಪಟ್ಟಿಯ ಅಗತ್ಯವೇ ಕಾಣುವುದಿಲ್ಲ. ಆಗ ‘ಕಂಟ್ರೋಲ್ ಪ್ಯಾನೆಲ್’ ತೆರೆದು ‘ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್’ ಎಂಬುದರೊಳಗೆ ಹೋಗಿ ‘ಲ್ಯಾಂಗ್ವೇಜಸ್’ ಎಂಬ ಪುಟವನ್ನು ನೋಡಿರಿ. ಅಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಪದಗಳಿರುವ ಸಾಲಿನ ಮುಂದೆ ಸಣ್ಣ ಚೌಕವಿದೆ. ಒತ್ತಕ್ಷರ, ಗುಣಿತ ಇರುವ ಲಿಪಿಗಳನ್ನು ಸರಿಯಾಗಿ ಜೋಡಿಸುವ ಕಡತಗಳಿಗೆ ಅದೇ ಬಾಗಿಲು. ಚೌಕದಲ್ಲಿ ಗುರುತು ಇದ್ದರೆ ಸರಿ. ಇಲ್ಲದಿದ್ದರೆ ಗುರುತು ಹಾಕಬೇಕು; ಆಗ ಯಂತ್ರವು ಎಕ್ಸ್‌ಪಿಯ ಮೂಲ ಸಿ.ಡಿ.ಯನ್ನು ಕೇಳುತ್ತದೆ. ಯೂನಿಕೋಡ್ ತೆಲುಗು ಸರಿಯಾಗಿ ಕಾಣುತ್ತಿದ್ದ ಯಂತ್ರದಲ್ಲಿ ಈ ಕಡತಗಳು ಹೇಗೂ ಬಂದಿರುತ್ತವೆ, ಸಿ.ಡಿ.ಯ ಗೊಡವೆ ಬೇಕಿಲ್ಲ.

ಅದೇ ಪುಟದಲ್ಲಿ ‘ಡೀಟೇಲ್ಸ್’ ಗುಂಡಿಯನ್ನು ಒತ್ತಿ, ‘ಆ್ಯಡ್’ ಎಂಬಲ್ಲಿ ಕನ್ನಡವನ್ನು ಆರಿಸಿದರೆ ಪಟ್ಟಿಗೆ ಕನ್ನಡ ಸೇರಿತು. ಕೆಳಗಿರುವ ‘ಲ್ಯಾಂಗ್ವೇಜ್ ಬಾರ್’ ಗುಂಡಿಯಲ್ಲಿ, ಪಟ್ಟಿಯನ್ನು ಪರದೆಯ ಮೇಲೆ ತೋರಿಸು ಎಂಬ ಆಯ್ಕೆಗೆ ಗುರುತು ಹಾಕಿರಿ. ಕೆಲವು ಯಂತ್ರಗಳಲ್ಲಿ ಈ ಗುಂಡಿ ಬೂದುಬಣ್ಣಕ್ಕೆ ತಿರುಗಿ ಒತ್ತಲು ಬಾರದಂತಿರುತ್ತದೆ. ಪಕ್ಕದ ‘ಅಡ್ವಾನ್ಸ್‌ಡ್’ ಪುಟದಲ್ಲಿ, ಹೆಚ್ಚುವರಿ ಪಠ್ಯಸೇವೆಗಳನ್ನು ನಿಲ್ಲಿಸು ಎಂಬರ್ಥದ ಸಾಲಿಗೆ ಯಾರೋ ಗುರುತು ಹಾಕಿರುವುದೇ ಅದಕ್ಕೆ ಕಾರಣ. ಅದನ್ನು ತೆಗೆದರೆ ಗುಂಡಿಗೆ ಜೀವ ಬರುತ್ತದೆ. ಎಲ್ಲವೂ ಸರಿಯಿದ್ದೂ ಪಟ್ಟಿ ಕಾಣದಿದ್ದರೆ ‘ಸ್ಟಾರ್ಟ್’, ‘ರನ್’ ಎಂಬಲ್ಲಿ ‘ಸಿಟಿಎಫ್‌ಮಾನ್’ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿರಿ. ಭಾಷಾಪಟ್ಟಿಯನ್ನು ಹಿಡಿದು ನಿಲ್ಲಿಸುವ ಸಣ್ಣ ಕಾರ್ಯಕ್ರಮವದು. ಯಂತ್ರವನ್ನು ವೇಗಗೊಳಿಸುತ್ತೇವೆಂದು ಸಾರುವ ‘ಕ್ಲೀನರ್’ ತಂತ್ರಾಂಶಗಳು ಬೇಡದ ಕಸವೆಂದು ಮೊದಲು ಗುಡಿಸಿಹಾಕುವ ವಸ್ತುಗಳಲ್ಲಿ ಇದೂ ಒಂದು.

ವಿಂಡೋಸ್ 7ರಲ್ಲಿ ಇಷ್ಟು ಸುತ್ತಾಟವಿಲ್ಲ. ಒತ್ತಕ್ಷರ ಜೋಡಿಸುವ ಕಡತಗಳು ಅದರಲ್ಲಿ ಮೊದಲಿನಿಂದಲೇ ಇವೆ. ಕಂಟ್ರೋಲ್ ಪ್ಯಾನೆಲಿನ ‘ರೀಜನ್ ಆ್ಯಂಡ್ ಲ್ಯಾಂಗ್ವೇಜ್’ ಎಂಬಲ್ಲಿ ‘ಚೇಂಜ್ ಕೀಬೋರ್ಡ್ಸ್’ ಒತ್ತಿ, ಕನ್ನಡವನ್ನು ಸೇರಿಸಿ, ‘ಲ್ಯಾಂಗ್ವೇಜ್ ಬಾರ್’ ಪುಟದಲ್ಲಿ ತಳಪಟ್ಟಿಗೆ ಅಂಟಿಸು ಎಂಬ ಆಯ್ಕೆಯನ್ನು ಹಿಡಿದರೆ ಕೆಲಸ ಮುಗಿಯಿತು. ಎಡಗಡೆಯ ‘ಆಲ್ಟ್’ ಹಿಡಿದು ‘ಶಿಫ್ಟ್’ ಒತ್ತಿದಂತೆಲ್ಲ ಇಂಗ್ಲಿಷ್, ತೆಲುಗು, ಕನ್ನಡ ಸರದಿಯಂತೆ ಬರುತ್ತವೆ. ವಿಂಡೋಸ್ 10ರಲ್ಲಿ ‘ಸೆಟ್ಟಿಂಗ್ಸ್’ ಒಳಗಿನ ಭಾಷೆಯ ಪುಟದಲ್ಲಿ ಇದೇ ಕೆಲಸ ಆಗುತ್ತದೆ.

ಮನೆಯ ಯಂತ್ರಕ್ಕೆ ಇಷ್ಟು ಸಾಕು. ಶಾಲೆಯ ಯಂತ್ರಕ್ಕೆ ಸಾಲದು. ಭಾಷೆಯ ಈ ಏರ್ಪಾಡು ಯಂತ್ರಕ್ಕೆ ಸಂಬಂಧಿಸಿದ್ದಲ್ಲ, ಬಳಕೆದಾರನ ಖಾತೆಗೆ ಸಂಬಂಧಿಸಿದ್ದು. ಶಿಕ್ಷಕರು ತಮ್ಮ ಖಾತೆಯಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಅದು ಶಿಕ್ಷಕರಿಗೆ ಮಾತ್ರ ಬರುತ್ತದೆ. ವಿದ್ಯಾರ್ಥಿಗಳ ಖಾತೆಯಿಂದ ಒಳಬಂದ ಮಗುವಿಗೆ ಪಟ್ಟಿ ಮತ್ತೆ ಖಾಲಿ. ವಿಂಡೋಸ್ 7ರಲ್ಲಿ ‘ಅಡ್ಮಿನಿಸ್ಟ್ರೇಟಿವ್’ ಎಂಬ ಪುಟದ ‘ಕಾಪಿ ಸೆಟ್ಟಿಂಗ್ಸ್’ ಗುಂಡಿಯ ಮೂಲಕ ಈ ಏರ್ಪಾಡನ್ನು ಸ್ವಾಗತ ಪರದೆಗೂ ಮುಂದೆ ತೆರೆಯಲಿರುವ ಹೊಸ ಖಾತೆಗಳಿಗೂ ನಕಲು ಮಾಡಬಹುದು. ಈಗಾಗಲೇ ಇರುವ ಖಾತೆಗಳಲ್ಲಿ ಒಂದೊಂದಾಗಿ ಸೇರಿಸಬೇಕು. ಕೆಲವು ಪ್ರಯೋಗಾಲಯಗಳಲ್ಲಿ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗಲೆಲ್ಲ ಮೊದಲಿನ ಸ್ಥಿತಿಗೇ ಮರಳುವಂತೆ ಬೀಗ ಹಾಕಿರುತ್ತಾರೆ. ಅಂಥ ಕಡೆ ಸಂಜೆ ಸೇರಿಸಿದ ಕನ್ನಡ ಮರುದಿನ ಬೆಳಗ್ಗೆ ಇರುವುದಿಲ್ಲ. ಮಕ್ಕಳೇ ಕೆಡಿಸಿದರೆಂದು ಗದರಿಸುವ ಮೊದಲು ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸುವುದು ಒಳಿತು.

ಇಷ್ಟೆಲ್ಲ ಮಾಡಿದರೂ ಸೇರಿಸಬೇಕಾದ ಭಾಷೆಗಳ ಪಟ್ಟಿಯಲ್ಲಿಯೇ ಕನ್ನಡದ ಹೆಸರಿಲ್ಲದಿರುವ ಸಂದರ್ಭ ಒಂದುಂಟು. ಅದಕ್ಕೆ ಸಾಮಾನ್ಯವಾಗಿ ಕಾರಣ ಒಂದೇ: ಆ ವಿಂಡೋಸ್ ಮೂಲಪ್ರತಿಯಲ್ಲ. ಹಳೆಯ ಯಂತ್ರಗಳಲ್ಲಿ ಹಗುರವಾಗಿ ಓಡಲೆಂದು ಯಾರೋ ಕತ್ತರಿಸಿ, ತೂಕ ಇಳಿಸಿ, ಕೈಯಿಂದ ಕೈಗೆ ಹಂಚಿದ ಪ್ರತಿಗಳು ಇವೆ. ಕತ್ತರಿಸುವವನು ಮೊದಲು ಕೈಹಾಕುವುದು ತನಗೆ ಬೇಡವಾದ ಭಾಷೆಗಳ ಮೇಲೆ. ಅಂಥ ಪ್ರತಿಯಿಂದ ಕನ್ನಡವನ್ನು ಮತ್ತೆ ಎಬ್ಬಿಸಲು ಪರದಾಡುವುದಕ್ಕಿಂತ ಆ ಪ್ರತಿಯನ್ನೇ ಬಿಡುವುದು ಜಾಣತನ. ನ್ಯಾಯವಾದಿಯಾಗಿ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ಅನಧಿಕೃತ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವುದು ಅಪರಾಧ. ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲವೆಂದಾದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು ದಂಡವನ್ನಷ್ಟೇ ವಿಧಿಸಬಹುದು. ಹತ್ತನೆಯ ತರಗತಿಯ ಮಗುವಿನ ಮನೆಗೆ ಪೊಲೀಸರು ಬರುತ್ತಾರೆಂದು ನಾನು ಹೆದರಿಸುತ್ತಿಲ್ಲ. ಆದರೆ ‘ವಿಂಡೋಸ್ ಉಚಿತವಾಗಿ ಹಾಕಿಕೊಡುತ್ತೇವೆ’ ಎಂಬ ಅಂಗಡಿಯ ಮಾತು ದಾನವೇನೂ ಅಲ್ಲವೆಂಬುದು ಪಾಲಕರಿಗೆ ತಿಳಿದಿರಲಿ.

ಇನ್ನೊಂದು ತೊಡಕೆಂದರೆ ಕಾಲಮಿತಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸುರಕ್ಷತೆಯ ತಿದ್ದುಪಡಿಗಳನ್ನು ನೀಡುವುದು 2014ರ ಏಪ್ರಿಲ್ 8ಕ್ಕೆ ಮುಗಿಯಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ. ಅಂತರ್ಜಾಲಕ್ಕೆ ಜೋಡಿಸದೆ ಬರೆಯಲು, ಓದಲು, ಮುದ್ರಿಸಲು ಮಾತ್ರ ಬಳಸಿದರೆ ಇವುಗಳಲ್ಲಿ ಹಾನಿ ಕಡಿಮೆ. ಬ್ಯಾಂಕಿನ ವ್ಯವಹಾರವನ್ನು ಅವುಗಳಲ್ಲಿ ಮಾಡಬೇಡಿರಿ.

2 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಸ್ಮೃತಿಯಿರುವ ಯಂತ್ರವಾದರೆ ಲಿನಕ್ಸ್ ಹಾಕಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಅದು ಕಾನೂನುಬದ್ಧವಾಗಿಯೇ ಉಚಿತ. ನಕಲು ಮಾಡಿ ನೆರೆಮನೆಗೆ ಕೊಡುವುದೂ ಕಾನೂನುಬದ್ಧ. ಉದಾಹರಣೆಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾದುದು. ಅದರಲ್ಲಿಯೂ ಕನ್ನಡ ಮೊದಲ ನೋಟಕ್ಕೆ ಕಾಣದು. ‘ಸೆಟ್ಟಿಂಗ್ಸ್’ನ ‘ಕೀಬೋರ್ಡ್’ ಎಂಬಲ್ಲಿ ‘ಲೇಔಟ್’ ಪುಟಕ್ಕೆ ಹೋಗಿ, ವ್ಯವಸ್ಥೆಯ ಪೂರ್ವನಿರ್ಧಾರವನ್ನೇ ಬಳಸು ಎಂಬ ಗುಂಡಿಯನ್ನು ಆರಿಸಿದ ಮೇಲೆ ಮಾತ್ರ ‘ಆ್ಯಡ್’ ಎಂಬುದು ತೆರೆದುಕೊಳ್ಳುತ್ತದೆ. ಕನ್ನಡವನ್ನು ಸೇರಿಸಿದ ಬಳಿಕ, ತಳಪಟ್ಟಿಯ ಮೇಲೆ ಬಲಗುಂಡಿ ಒತ್ತಿ, ‘ಪ್ಯಾನೆಲ್’ಗೆ ಹೊಸ ವಸ್ತುಗಳನ್ನು ಸೇರಿಸು ಎಂಬಲ್ಲಿ ‘ಕೀಬೋರ್ಡ್ ಲೇಔಟ್ಸ್’ ಅನ್ನು ಆರಿಸಿದರೆ, ಈಗ ಯಾವ ಭಾಷೆಯಲ್ಲಿದ್ದೇವೆಂದು ತೋರಿಸುವ ಗುರುತು ಮೂಲೆಯಲ್ಲಿ ಬಂದು ಕೂರುತ್ತದೆ. ಮಕ್ಕಳಿಗೆ ಆ ಗುರುತು ಬಹಳ ಮುಖ್ಯ. ಅದಿಲ್ಲದಿದ್ದರೆ ಗುಪ್ತಪದವನ್ನು ಕನ್ನಡದಲ್ಲಿ ಒತ್ತಿ, ಬಾಗಿಲು ತೆರೆಯದೆ, ಯಂತ್ರ ಕೆಟ್ಟಿತೆಂದು ಅಳುತ್ತಾರೆ.

ಹೀಗೆ ಮಾಡುವುದು ಕನಸಿನ ಮಾತಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿರಿ. ಅವರೂ ನಮ್ಮಂತೆಯೇ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗಡಿಯ ಆಚೆ ಉಳಿದವರು. ಕೇರಳ ಸರ್ಕಾರವು 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆಯನ್ನು ಆರಂಭಿಸಿ, ಮುಂದೆ ಶಾಲೆಗಳನ್ನು ಸ್ವತಂತ್ರ ತಂತ್ರಾಂಶದ ಕಡೆಗೆ ತಿರುಗಿಸಿತು; 2017ರಲ್ಲಿ ಅದೇ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು. ಅಲ್ಲಿ ಗಣಕ ವಿಷಯದ ಪಠ್ಯಪುಸ್ತಕವೇ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿ ದೊರೆಯುತ್ತದೆ. ಮಲಯಾಳದ ರಾಜ್ಯದಲ್ಲಿ ಸಾಧ್ಯವಾದುದು ತೆಲುಗಿನ ರಾಜ್ಯದಲ್ಲಿ ಅಸಾಧ್ಯವೆನ್ನಲು ಕಾರಣ ನನಗೆ ತೋರದು. ನಮ್ಮ ಎರಡು ಲಿಪಿಗಳಂತೂ ಒಡಹುಟ್ಟಿದವು.

ಒಡಹುಟ್ಟು ಎಂಬುದು ಇಲ್ಲಿ ಬರಿಯ ಅಲಂಕಾರದ ಮಾತಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡಿನಲ್ಲಿ ಕನ್ನಡ, ತೆಲುಗು ಮೊದಲಾದ ಪ್ರಮುಖ ಭಾರತೀಯ ಲಿಪಿಗಳಿಗೆ 128 ಮನೆಗಳ ಒಂದೊಂದು ಓಣಿ ಇದೆ. ತೆಲುಗಿನ ಓಣಿ 3072ರಿಂದ 3199ರವರೆಗೆ. ಅದು ಮುಗಿದಲ್ಲಿಂದಲೇ, 3200ರಿಂದ 3327ರವರೆಗೆ, ಕನ್ನಡದ ಓಣಿ. ನಡುವೆ ಒಂದು ಗೋಡೆಯೂ ಇಲ್ಲ. ತೆಲುಗಿನ ‘ಕ’ಕಾರದ ಸಂಖ್ಯೆ 3093, ಕನ್ನಡದ ‘ಕ’ಕಾರದ್ದು 3221, ವ್ಯತ್ಯಾಸ ಸರಿಯಾಗಿ 128. ‘ಗ’, ‘ಮ’, ‘ಸ’ ಯಾವುದನ್ನು ತೆಗೆದುಕೊಂಡರೂ ಇದೇ ಲೆಕ್ಕ. ಆಲೂರಿನ ಓಣಿಗಳಲ್ಲಿ ಕನ್ನಡದ ಮನೆಗೂ ತೆಲುಗಿನ ಮನೆಗೂ ಇರುವ ಅಂತರಕ್ಕಿಂತ ಇದು ಹೆಚ್ಚೇನೂ ಅಲ್ಲ.

ಇದರಿಂದ ನಮ್ಮ ಮಕ್ಕಳಿಗೆ ಒಂದು ದೊಡ್ಡ ಅನುಕೂಲವಿದೆ. ವಿಂಡೋಸಿನೊಂದಿಗೆ ಬರುವ ಕನ್ನಡ ಕೀಲಿಮಣೆ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದ್ದು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬೆರಳಿನ ಪಾಠ ಸಾಕಾಗುವಂತೆ ಅದನ್ನು ರೂಪಿಸಲಾಗಿದೆ. ಎಡಗೈಯಲ್ಲಿ ಸ್ವರಗಳು, ಬಲಗೈಯಲ್ಲಿ ಹೆಚ್ಚಿನ ವ್ಯಂಜನಗಳು. ಇಂಗ್ಲಿಷಿನ ‘ಕೆ’ ಕೀಲಿಯಲ್ಲಿ ‘ಕ’, ‘ಎಚ್’ ಕೀಲಿಯಲ್ಲಿ ‘ಪ’, ‘ಎಲ್’ ಕೀಲಿಯಲ್ಲಿ ‘ತ’, ‘ಸಿ’ ಕೀಲಿಯಲ್ಲಿ ‘ಮ’, ‘ಡಿ’ ಕೀಲಿಯಲ್ಲಿ ಒತ್ತಕ್ಷರ ಬೆಸೆಯುವ ಹಲಂತ. ತೆಲುಗಿಗೂ ಇದೇ, ಕನ್ನಡಕ್ಕೂ ಇದೇ. ಶಾಲೆಯಲ್ಲಿ ತೆಲುಗು ಇನ್‌ಸ್ಕ್ರಿಪ್ಟ್ ಕಲಿತ ಮಗುವಿಗೆ ಕನ್ನಡ ಬೆರಳಚ್ಚು ಆಗಲೇ ಬಂದಿದೆ, ಹೇಳಿದವರಿಲ್ಲ ಅಷ್ಟೇ. ಆಲ್ಟ್, ಶಿಫ್ಟ್ ಒತ್ತಿ ಅದೇ ಕೀಲಿಗಳನ್ನು ಒತ್ತಿದರೆ ಸಾಕು.

ಕರ್ನಾಟಕದಲ್ಲಿ ರೂಢಿಯಲ್ಲಿರುವುದು ಬೇರೆ ವಿನ್ಯಾಸ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶದ ಮೂಲಕ ಮನೆಮನೆಗೆ ತಂದ ಆ ವಿನ್ಯಾಸಕ್ಕೆ ‘ಕಗಪ’ ಎಂದು ಹೆಸರು. ಅದರಲ್ಲಿ ಉಚ್ಚಾರಣೆಗೆ ಹತ್ತಿರದ ಇಂಗ್ಲಿಷ್ ಕೀಲಿಯಲ್ಲಿಯೇ ಕನ್ನಡದ ಅಕ್ಷರ ಇರುತ್ತದೆ: ‘ಎಂ’ ಒತ್ತಿದರೆ ‘ಮ’, ‘ಟಿ’ ಒತ್ತಿದರೆ ‘ತ’, ಒತ್ತಕ್ಷರಕ್ಕೆ ‘ಎಫ್’. ಲಿನಕ್ಸಿನ ಪಟ್ಟಿಯಲ್ಲಿ ಎರಡೂ ಇವೆ. ಬಳ್ಳಾರಿಗೋ ಬೆಂಗಳೂರಿಗೋ ಓದಲು ಹೋಗಲಿರುವ ಮಕ್ಕಳಿಗೆ ಕಗಪ ಉಪಯೋಗವಾದೀತು. ಆದರೆ ತೆಲುಗಿನಲ್ಲಿಯೂ ಬರೆಯಬೇಕಾದ ನಮ್ಮ ಮಕ್ಕಳಿಗೆ ಇನ್‌ಸ್ಕ್ರಿಪ್ಟೇ ಲೇಸೆಂದು ನಾನು ವಾದಿಸುತ್ತೇನೆ. ಒಂದು ಕಲಿಕೆಯಲ್ಲಿ ಎರಡು ಭಾಷೆ ಬರುವಾಗ ಬಿಡುವುದೇಕೆ? ಇದಕ್ಕೆ ಒಪ್ಪದ ಶಿಕ್ಷಕರಿದ್ದಾರೆ, ಅವರ ಕಾರಣಗಳೂ ದುರ್ಬಲವಲ್ಲ.

ಪರಿಷತ್ತುಗಳಿಂದ, ಮಠಗಳಿಂದ, ಬಳ್ಳಾರಿಯ ಬಂಧುಗಳಿಂದ ಬರುವ ಹಳೆಯ ಕಡತಗಳ ವಿಷಯ ಒಂದಿಷ್ಟು. ಹಳೆಯ ನುಡಿಯಲ್ಲಿ ಅಥವಾ ಹಳೆಯ ಬರಹದಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯೋ ಪ್ರಬಂಧವೋ ತಮ್ಮ ಯಂತ್ರದಲ್ಲಿ ಗೊಜ್ಜಾಗಿ ಕಂಡರೆ ಯಂತ್ರವನ್ನು ದೂರಬೇಡಿರಿ. ಅವೂ ವೇಷದ ಅಕ್ಷರಗಳೇ. ನುಡಿ, ಬರಹ ಎರಡರಲ್ಲಿಯೂ ಅಂಥ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನ ಇದೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಿಟ್ಟು ನೋಡಬೇಕು.

ಇನ್ನು ನನ್ನ ಅಂಗಳಕ್ಕೆ ಬರುತ್ತೇನೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಮೊದಲ ಎರಡು ಕರ್ನೂಲು ಜಿಲ್ಲೆಗೆ, ಮೂರನೆಯದು ಅನಂತಪುರಕ್ಕೆ. ಗಡಿ ಸರಿದರೂ ನಮ್ಮ ಹಿರಿಯರು ಶಾಲೆಯನ್ನೂ ಪಠ್ಯಪುಸ್ತಕವನ್ನೂ ಕನ್ನಡದಲ್ಲಿಯೇ ಉಳಿಸಿಕೊಂಡರು. ಸಂವಿಧಾನದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಯತ್ನಿಸತಕ್ಕದ್ದೆಂದು ಹೇಳುತ್ತದೆ. 1956ರಲ್ಲಿ ಆ ವಿಧಿ ಸೇರುವಾಗ ‘ಸೌಲಭ್ಯ’ವೆಂದರೆ ಕೋಣೆ, ಶಿಕ್ಷಕ, ಪುಸ್ತಕ. ಇಂದು ಅದೇ ಶಾಲೆಯಲ್ಲಿ ಸರ್ಕಾರದ ಹಣದಿಂದ ಬಂದ ಗಣಕಯಂತ್ರ ಇರುವಾಗ, ಅದರ ಪಟ್ಟಿಯಲ್ಲಿ ಮಗುವಿನ ಮಾಧ್ಯಮದ ಭಾಷೆ ಇರುವುದು ಸೌಲಭ್ಯದೊಳಗೆ ಬರುವುದಿಲ್ಲವೇ? ಬರುತ್ತದೆಂಬುದು ನನ್ನ ವಾದ. ಶಿಕ್ಷಣದ ಹಕ್ಕಿನ ಕಾಯಿದೆಯ 29(2)ನೆಯ ಕಲಮು ಸಹ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಲಿ ಎನ್ನುತ್ತದೆ. ಖರ್ಚಿಲ್ಲದೆ ಹತ್ತು ನಿಮಿಷದಲ್ಲಿ ಆಗುವ ಕೆಲಸವನ್ನು ‘ಸಾಧ್ಯವಿಲ್ಲ’ ಎನ್ನಲು ಯಾವ ಅಧಿಕಾರಿಗೂ ಸುಲಭವಲ್ಲ.

ಆದರೂ ನ್ಯಾಯಾಲಯದ ಮೆಟ್ಟಿಲು ಹತ್ತುವ ವಿಷಯ ಇದಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಅದೇ ಕಾಯಿದೆಯ 21ನೆಯ ಕಲಮಿನಂತೆ ಶಾಲಾ ನಿರ್ವಹಣಾ ಸಮಿತಿ ಇರಬೇಕು; ಅದರ ಸದಸ್ಯರಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಭಾಗ ತಂದೆತಾಯಿಯರು ಅಥವಾ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ನಮ್ಮ ಕಡೆ ಸುಗ್ಗಿಯ ಕಾಲದಲ್ಲಿ ಅನೇಕ ಮನೆಗಳು ದುಡಿಮೆಗೆಂದು ಊರು ಬಿಟ್ಟು ಹೋಗುತ್ತವೆ. ಸಭೆಗೆ ಬರುವವರು ಕಡಿಮೆಯಾಗುತ್ತಾರೆ. ಆದ್ದರಿಂದ ಎಲ್ಲರೂ ಊರಿನಲ್ಲಿರುವ ತಿಂಗಳುಗಳಲ್ಲಿಯೇ ಈ ವಿಷಯವನ್ನು ಸಭೆಯ ಮುಂದಿಟ್ಟು, ನಡವಳಿ ಪುಸ್ತಕದಲ್ಲಿ ಬರೆಯಿಸಿರಿ. ಬಾಯಿಮಾತಿನ ಬೇಡಿಕೆ ಮುಖ್ಯೋಪಾಧ್ಯಾಯರ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ, ನಡವಳಿಯಲ್ಲಿ ಬರೆದದ್ದು ಶಾಲೆಯಲ್ಲಿಯೇ ಉಳಿಯುತ್ತದೆ.

ಬರವಣಿಗೆ ದೀರ್ಘವಾಗಬೇಕಿಲ್ಲ: ‘ನಮ್ಮ ಶಾಲೆಯ ಗಣಕಯಂತ್ರಗಳಲ್ಲಿ, ವಿದ್ಯಾರ್ಥಿಗಳ ಖಾತೆಗಳೂ ಸೇರಿದಂತೆ, ಕನ್ನಡ ಕೀಲಿಮಣೆಯನ್ನೂ ಭಾಷಾಪಟ್ಟಿಯನ್ನೂ ಸಕ್ರಿಯಗೊಳಿಸಬೇಕೆಂದು, ಯಂತ್ರಗಳ ನಿರ್ವಹಣೆಯ ಹೊಣೆ ಹೊತ್ತವರಿಗೆ ಈ ಬಗ್ಗೆ ಲಿಖಿತವಾಗಿ ತಿಳಿಸಬೇಕೆಂದು ಸಭೆಯು ತೀರ್ಮಾನಿಸಿತು’ ಎಂದಿಷ್ಟು ಸಾಕು. ಇದಕ್ಕೆ ಉತ್ತರ ಬಾರದಿದ್ದರೆ ಮೇಲಧಿಕಾರಿಗೆ ಮನವಿ ಕೊಡಬಹುದು. ಆ ಮನವಿ ಕನ್ನಡದಲ್ಲಿಯೂ ಇರಬಹುದು, ಏಕೆಂದರೆ ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಬೇರೆ. ಅದನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕೆಂದು ಆ ಕಾಯಿದೆ ಹೇಳುತ್ತದೆ. ಆದಕಾರಣ ಯಂತ್ರ ಪೂರೈಕೆಯ ಕರಾರಿನಲ್ಲಿ ಅಲ್ಪಸಂಖ್ಯಾತ ಭಾಷೆಗಳ ಪ್ರಸ್ತಾಪ ಇದೆಯೇ ಎಂದು ಕೇಳುವುದಾದರೆ ತೆಲುಗಿನಲ್ಲಿ ಬರೆಯಿರಿ. 30 ದಿನಗಳೊಳಗೆ ಉತ್ತರ ಬರಬೇಕು. ಮನವಿಗೂ ಒಂದು ತೆಲುಗು ಪ್ರತಿಯನ್ನು ಲಗತ್ತಿಸುವುದು ಜಾಣತನ. ಓದಲಾಗದ ಕಾಗದ ಮೇಜಿನ ಅಡಿಗೆ ಹೋಗುವುದು ಎಲ್ಲ ರಾಜ್ಯಗಳಲ್ಲಿಯೂ ಒಂದೇ ರೀತಿ.

ಈ ಚಿಕ್ಕ ವಿಷಯಕ್ಕೆ ಇಷ್ಟು ಪುಟ ಏಕೆಂದು ಕೆಲವರು ಕೇಳಬಹುದು. ಕೈಫೋನಿನಲ್ಲಿ ಕನ್ನಡ ಸುಲಭವಾಗಿ ಬರುತ್ತದೆ. ಮಕ್ಕಳು ಅಜ್ಜಿಗೆ ಸಂದೇಶ ಕಳಿಸುವುದು ಅದರಲ್ಲಿಯೇ. ಆದರೆ ಪ್ರಬಂಧ, ಅರ್ಜಿ, ಯೋಜನಾ ವರದಿ, ಮುಂದೊಂದು ದಿನ ಕಚೇರಿಯ ಕಡತ, ಇವೆಲ್ಲ ಸಿದ್ಧವಾಗುವುದು ದೊಡ್ಡ ಪರದೆಯ ಮುಂದೆ. ಆ ಪರದೆಯಲ್ಲಿ ಕನ್ನಡವಿಲ್ಲವೆಂದು ಕಂಡ ಮಗು, ಕನ್ನಡ ಹರಟೆಗೆ ಸಾಕು, ಕೆಲಸಕ್ಕೆ ಬಾರದು ಎಂದು ತಾನೇ ತೀರ್ಪು ಬರೆದುಕೊಳ್ಳುತ್ತದೆ. ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಲು ಯಾವ ನ್ಯಾಯಾಲಯವೂ ಇಲ್ಲ.

ಅಂಗಡಿಯವರಿಂದ ಮಾಡಿಸಿಕೊಳ್ಳುವವರು ಹಣ ಕೊಡುವ ಮೊದಲು ಯಂತ್ರವನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಚಾಲೂ ಮಾಡಿಸಿರಿ. ಭಾಷಾಪಟ್ಟಿ ಇನ್ನೂ ಇದೆಯೇ ಎಂದು ನೋಡಿರಿ. ‘ಆದೋನಿ’, ‘ಕೌತಾಳಂ’, ‘ಹೊಳಗುಂದ’ ಎಂದು ಬರೆಯಿಸುವುದರ ಜೊತೆಗೆ ‘ಸ್ತ್ರೀ’, ‘ಕರ್ನೂಲು’, ‘ಲಕ್ಷ್ಮಿ’ ಎಂದೂ ಬರೆಯಿಸಿರಿ. ಒತ್ತುಗಳು ಅಕ್ಷರದ ಅಡಿಯಲ್ಲಿ ಕುಳಿತು, ಅರ್ಕಾವತ್ತು ತನ್ನ ಜಾಗದಲ್ಲಿ ನಿಂತಿದ್ದರೆ ಕೆಲಸ ಸರಿಯಾಗಿದೆ. ಒತ್ತುಗಳು ಚದುರಿ ಪಕ್ಕದಲ್ಲಿ ಬಿದ್ದಿದ್ದರೆ ಎಕ್ಸ್‌ಪಿಯ ಆ ಸಣ್ಣ ಚೌಕಕ್ಕೆ ಇನ್ನೂ ಗುರುತು ಬಿದ್ದಿಲ್ಲವೆಂದು ತಿಳಿಯಿರಿ.